ಸಿಂಬಳದ ಹೊದಿಕೆ

ಸಂಶೋಧನಾ ಕೇಂದ್ರದವರು ಅದಕ್ಕೆ ಇಟ್ಟ ಹೆಸರು ‘ಕವಚ’. ಹಾಲುಬಂಡೆಯ ಜನ ಅದನ್ನು ಎಲೆಕೋಸಿನ ಮೇಲೆ ಕಂಡ ಮೊದಲ ಬೆಳಿಗ್ಗೆಯೇ ‘ಸಿಂಬಳ’ ಎಂದು ಕರೆದರು, ಆ ಹೆಸರೇ ನಿಂತಿತು. ಅದರಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ. ಹಳದಿಗೂ ಹಸಿರಿಗೂ ನಡುವಿನ ಬಣ್ಣದ ಮಂದ ಲೋಳೆ ಎಲೆಯ ಎರಡೂ ಬದಿಗೆ ಮೆತ್ತಿಕೊಂಡು, ಅಂಚಿನಿಂದ ಎಳೆ ಎಳೆಯಾಗಿ ಇಳಿಬಿದ್ದಿರುತ್ತಿತ್ತು. ಮುಟ್ಟಿದರೆ ಉಗುರುಬೆಚ್ಚಗೆ. ಅದರೊಳಗೆ ಸಿಕ್ಕಿಬಿದ್ದ ಸಸ್ಯಹೇನು, ಪತಂಗ, ಕೋಸಿನ ಹುಳುಗಳು ಅರ್ಧ ಕರಗಿ, ಕಾಲು ರೆಕ್ಕೆಗಳಷ್ಟೇ ಉಳಿದು, ಕಪ್ಪು ಗೆರೆಗಳಾಗಿ ಹರಡಿಕೊಂಡಿರುತ್ತಿದ್ದವು.

ಆದರೂ ಅದು ಬೇಕಾಗಿತ್ತು. ಋತುಗಳು ದಾರಿ ತಪ್ಪಿದ್ದ ಕಾಲ ಅದು. ಮೊದಲೆಲ್ಲ ಶಿವರಾತ್ರಿ ಕಳೆದರೆ ಬೆವರು ಶುರುವಾಗುತ್ತಿದ್ದ ಆ ಎತ್ತರದ ಬಯಲುಸೀಮೆಗೆ ಈಗ ಯುಗಾದಿಯ ತನಕ ಉತ್ತರದಿಂದ ಕೊರೆಯುವ ಗಾಳಿ ಬರುತ್ತಿತ್ತು. ಬೆಳಗಾದರೆ ನೆಲದ ಮೇಲೆ ಉಪ್ಪು ಚೆಲ್ಲಿದ ಹಾಗೆ ಬಿಳಿ ಹಿಮ. ಬಿಸಿಲೇರುವಷ್ಟರಲ್ಲಿ ಹುರುಳಿಕಾಯಿ, ಟೊಮೆಟೊ, ಸೋರೆಬಳ್ಳಿ ಎಲ್ಲ ಬೇಯಿಸಿದ ಸೊಪ್ಪಿನಂತೆ ಕಪ್ಪಗೆ ಜೋತುಬೀಳುತ್ತಿದ್ದವು. ಹೇಗೋ ಉಳಿದದ್ದನ್ನು ಹುಳುಗಳು ಮುಗಿಸುತ್ತಿದ್ದವು. ಸುತ್ತಲ ಜಿಲ್ಲೆಗಳದ್ದೂ ಅದೇ ಪಾಡಾದ್ದರಿಂದ ಹೊರಗಿನಿಂದ ತರಕಾರಿ ಬರುವುದು ನಿಂತಿತ್ತು. ಎರಡು ವಸಂತಗಳನ್ನು ಊರು ಪಡಿತರದ ಹಿಟ್ಟು, ಒಣ ಬೇಳೆಯಲ್ಲೇ ಕಳೆಯಿತು. ಮಕ್ಕಳ ಬಾಯಿಯ ಕೊನೆಗಳು ಒಡೆದು ಹುಣ್ಣಾದವು. ಕತ್ತಲು ಕವಿಯುತ್ತಲೇ ಕೆಲವರು ಕಣ್ಣು ಕಾಣದೆ ಗೋಡೆ ಹಿಡಿದು ನಡೆಯುತ್ತಿದ್ದರು.

ಊರಾಚೆಯ ತರಕಾರಿ ಸಂಶೋಧನಾ ಕೇಂದ್ರದಲ್ಲಿ ಡಾ. ಶ್ರೀಪತಿ ಹೆಬ್ಬಾರರೂ ಅವರ ಕೈಕೆಳಗಿನ ವಿಜ್ಞಾನಿ ಇಂದ್ರಾಣಿಯೂ ಕವಚವನ್ನು ಸೃಷ್ಟಿಸಿದ್ದು ಇದಕ್ಕಾಗಿ. ತತ್ವ ಸರಳವಾಗಿತ್ತು. ಎಲೆಯ ಮೇಲಿನ ಇಬ್ಬನಿ ಚಳಿಯೊಂದರಿಂದಲೇ ಗಡ್ಡೆಕಟ್ಟುವುದಿಲ್ಲ. ಹೆಪ್ಪು ಹಾಕಲು ಏನಾದರೊಂದು ಬೇಕು. ಎಲೆಯ ಮೇಲೆ ಸಹಜವಾಗಿ ಬದುಕುವ ಕೆಲವು ಬ್ಯಾಕ್ಟೀರಿಯಾಗಳೇ ಆ ಹೆಪ್ಪು. ಅವುಗಳನ್ನು ಓಡಿಸಿ ಬೇರೊಂದು ಜಾತಿಯನ್ನು ಕೂರಿಸಿದರೆ ಹಿಮ ಕಟ್ಟುವುದಿಲ್ಲ. ಹೆಬ್ಬಾರರು ಆರಿಸಿದ್ದು ಲೋಳೆ ಸುರಿಸಿ ಎಲೆಯನ್ನು ಹೊದಿಸುವ ಜಾತಿ. ಇಂದ್ರಾಣಿ ಅದಕ್ಕೆ ಹುಳುಗಳನ್ನು ಜೀರ್ಣಿಸುವ ಕಿಣ್ವಗಳನ್ನು ಕೊಟ್ಟಳು. ಕರಗಿದ ಹುಳುವಿನ ಸಾರವೇ ಗಿಡಕ್ಕೆ ಗೊಬ್ಬರ.

ಮೊದಲ ಪ್ರಯೋಗ ನಡೆದದ್ದು ಇಂದ್ರಾಣಿಯ ಮನೆಯ ಹಿತ್ತಲಲ್ಲೇ. ಆ ಹಿತ್ತಲಿನ ಒಡತಿ ಅವಳ ಅತ್ತೆ ಮುನಿಲಕ್ಷ್ಮಮ್ಮ. ಅವರಷ್ಟು ಚೊಕ್ಕಟದ ಹೆಂಗಸು ಆ ಬೀದಿಯಲ್ಲಿ ಇನ್ನೊಬ್ಬರಿರಲಿಲ್ಲ. ಅನ್ನದಲ್ಲೊಂದು ಕೂದಲು ಕಂಡರೆ ಇಡೀ ಪಾತ್ರೆಯನ್ನು ಹಸುವಿಗೆ ಸುರಿದು ಮತ್ತೆ ಒಲೆ ಹಚ್ಚುತ್ತಿದ್ದರು.

“ಥೂ! ಏನೇ ಇಂದ್ರ ಇದು? ನೆಗಡಿಯಾದ ಮಕ್ಳು ಮೂಗು ಸೀಟಿದಂಗೈತೆ!”

“ಗಿಡ ಉಳಿದಿದೆ ನೋಡಿ ಅತ್ತೆ. ಪಕ್ಕದ ಗೌರಮ್ಮನ ಮನೇದೆಲ್ಲ ರಾತ್ರಿ ಹಿಮಕ್ಕೆ ಹೋಯ್ತು. ನಮ್ಮದೊಂದು ಎಲೆಯೂ ಸತ್ತಿಲ್ಲ.”

“ಉಳಿದು ಏನ್ ಮಾಡ್ಬೇಕು? ಇದನ್ನ ಬಾಯಿಗಿಡ್ತಾರೇನೆ ಯಾರಾದ್ರೂ? ವಾಸ್ನೆ ನೋಡು, ಅಟ್ಟದ ಮೇಲೆ ಇಲಿ ಸತ್ತು ವಾರ ಆದಂಗೆ!”

ವಾಸನೆ ಇಂದ್ರಾಣಿಗೆ ತಿಳಿಯಲಿಲ್ಲ. ಕಾಲೇಜಿನಲ್ಲಿದ್ದಾಗ ಬಂದ ಒಂದು ಜ್ವರ ಅವಳ ಮೂಗಿನ ಶಕ್ತಿಯನ್ನು ಪೂರ್ತಿ ಕಿತ್ತುಕೊಂಡಿತ್ತು. ಅವಳಿಗೆ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ. ಆದರೆ ಕಣ್ಣಿಗೆ ಕಂಡದ್ದೇ ಸಾಕಾಗಿತ್ತು. ತಾನೇ ಹುಟ್ಟಿಸಿದ ಆ ಲೋಳೆಯೊಳಗೆ ಕಾಲಾಡಿಸುತ್ತಿದ್ದ ಅರೆಜೀವದ ಹುಳುವನ್ನು ನೋಡಲಾಗದೆ ಅವಳು ಮುಖ ತಿರುಗಿಸಿದಳು.

ಕೋಸನ್ನು ಉಪ್ಪುನೀರಿನಲ್ಲಿ ತೊಳೆದು, ಮತ್ತೆ ಬಿಸಿನೀರಿನಲ್ಲಿ ತೊಳೆದು ಅವಳೇ ಪಲ್ಯ ಮಾಡಿದಳು. ಗಂಡ ಮುನಿರಾಜು ತಟ್ಟೆಯನ್ನು ದೂರ ಸರಿಸಿದ. ಮಗಳು ಚಿನ್ಮಯಿ, ಸಂಜೆಯಾದರೆ ಗೋಡೆ ಹಿಡಿದೇ ನಡೆಯುತ್ತಿದ್ದ ಎರಡನೇ ಕ್ಲಾಸಿನ ಹುಡುಗಿ, ಅಮ್ಮನಿಗೆ ಬೇಸರವಾಗಬಾರದೆಂದು ಒಂದು ತುತ್ತು ನುಂಗಿ, ಅಲ್ಲೇ ಕಾರಿಕೊಂಡಳು. ಆಮೇಲೆ ಸಿಂಪಡಿಸಿದ ಊರಿನ ಬೇರೆ ಹಿತ್ತಲುಗಳಲ್ಲೂ ಅದೇ ನಡೆಯಿತು. ಎರಡು ವಸಂತ ಹಸಿರು ಕಾಣದಿದ್ದ ಜನ ಕೊಬ್ಬಿದ ಎಲೆಕೋಸುಗಳನ್ನು ಪಾತಿಯಲ್ಲೇ ಬಿಟ್ಟು, ಮೂಗು ಮುಚ್ಚಿಕೊಂಡು ಆಚೆ ಬಂದರು.

“ಗಿಡ ಉಳಿಸಿದೆವು, ಇಂದ್ರಾಣಿ,” ಎಂದರು ಹೆಬ್ಬಾರರು, ಊರಿನ ಮಾತೆಲ್ಲ ಕಿವಿಗೆ ಬಿದ್ದ ಮೇಲೆ ಪ್ರಯೋಗಾಲಯದಲ್ಲಿ. ಕರಾವಳಿಯ ಕಡೆಯವರು, ಒಬ್ಬಂಟಿ, ಕ್ವಾರ್ಟರ್ಸಿಗೂ ಹೋಗದೆ ಕೆಲಸದ ಕೋಣೆಯಲ್ಲೇ ಊಟ ಮಾಡುವವರು. “ಇನ್ನು ಉಳಿದದ್ದು ಮನುಷ್ಯನ ಮೂಗು. ಹೇಸಿಗೆ ಅಂದ್ರೆ ಎಂತ? ಮೆದುಳಿನ ಒಂದು ಮಡಿಕೆ ಹಾಕುವ ಬೊಬ್ಬೆ. ಆ ಬೊಬ್ಬೆಗೆ ಹೆದರಿ ಮಕ್ಕಳನ್ನು ಕುರುಡು ಮಾಡ್ಲಿಕ್ಕೆ ಆಗ್ತದಾ?”

ಆಮೇಲೆ ಕೆಲವು ವಾರ ಅವರು ಒಳಗಿನ ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಕೆಲಸ ಮಾಡಿದರು. ಹೊರಬಂದಾಗ ಕೈಯಲ್ಲಿ ಕವಚದ ಹೊಸ ತಳಿ ಇತ್ತು. ಏನು ಬದಲಾಯಿಸಿದ್ದೀರಿ ಎಂದು ಇಂದ್ರಾಣಿ ಕೇಳಿದಳು. “ಸ್ವಲ್ಪ ಸುವಾಸನೆ ಸೇರಿಸಿದೆ, ಅಷ್ಟೇ,” ಎಂದು ನಕ್ಕರು. ಅವಳಿಗೆ ಅದನ್ನು ಮೂಸಿ ನೋಡುವ ಶಕ್ತಿ ಇರಲಿಲ್ಲ. ಅವರು ಹೇಳಿದ್ದನ್ನು ನಂಬಿದಳು.

ಹೊಸ ತಳಿಯನ್ನು ಸಿಂಪಡಿಸಿದ ದಿನದಿಂದಲೇ ಊರಿನ ಮಾತು ಬದಲಾಯಿತು. ಎಂಥ ವಾಸನೆ ಎಂದು ಇಂದ್ರಾಣಿ ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ಬೆಲ್ಲದ ಪಾಕ ಎಂದ ಮುನಿರಾಜು. ಸ್ನಾನ ಮಾಡಿಸಿದ ಎಳೆಗೂಸಿನ ನೆತ್ತಿ ಎಂದರು ಮುನಿಲಕ್ಷ್ಮಮ್ಮ. ಗಾಳಿ ಬೀಸಿದ ಕಡೆಗೆಲ್ಲ ಅದು ಹರಡಿ ಇಡೀ ಊರನ್ನು ತುಂಬಿತು. ಹೆಂಗಸರು ಲೋಳೆಯನ್ನು ಸೆರಗಿನಲ್ಲೇ ಒರೆಸಿ ಕೋಸು, ಸೊಪ್ಪು, ಬಟಾಣಿ ಕೊಯ್ದರು. ಮನೆಮನೆಯಲ್ಲಿ ಪಲ್ಯ, ಹುಳಿ, ಬಸ್ಸಾರು. ಮಕ್ಕಳ ತುಟಿಯ ಹುಣ್ಣು ಮಾಯಿತು. ಸಂಜೆ ಮಬ್ಬಿನಲ್ಲಿ ಚಿನ್ಮಯಿ ಗೆಳತಿಯರೊಂದಿಗೆ ಬೀದಿಯಲ್ಲಿ ಓಡಾಡಿ ಆಡುವುದನ್ನು ಕಿಟಕಿಯಿಂದ ಕಂಡು ಇಂದ್ರಾಣಿಯ ಕಣ್ಣು ತುಂಬಿತು. ತಿನ್ನಲು ಅವಳಿಗೆ ಈಗಲೂ ಕಷ್ಟವಾಗುತ್ತಿತ್ತು. ಆದರೂ ಕಣ್ಣು ಮುಚ್ಚಿ ತಿಂದಳು.

ಒಂದು ಬೆಳಿಗ್ಗೆ ಅವಳು ಅಡುಗೆಮನೆಗೆ ಬಂದಾಗ ಮುನಿಲಕ್ಷ್ಮಮ್ಮ ಹಾಲಿನ ಪಾತ್ರೆಯ ಮುಂದೆ ನಿಂತಿದ್ದರು. ಹಾಲಿನಲ್ಲಿ ಹಲ್ಲಿಯೊಂದು ಬಿದ್ದು, ಹೊಟ್ಟೆ ಉಬ್ಬಿ ತೇಲುತ್ತಿತ್ತು. ಅವರು ಬಾಲ ಹಿಡಿದು ಅದನ್ನೆತ್ತಿ, ತೊಟ್ಟಿಕ್ಕುವ ಹಾಲು ವ್ಯರ್ಥವಾಗದಂತೆ ಪಾತ್ರೆಯ ಅಂಚಿಗೆ ಜಾಡಿಸಿ, ಕಿಟಕಿಯಾಚೆ ಎಸೆದರು. ಅದೇ ಹಾಲನ್ನು ಲೋಟಕ್ಕೆ ಬಗ್ಗಿಸಿದರು.

“ಅತ್ತೆ, ಏನು ಮಾಡ್ತಿದ್ದೀರಿ!”

“ಮಗೀಗೆ ಹಾಲು. ಯಾಕೆ?”

“ಹಲ್ಲಿ ಬಿದ್ದಿತ್ತಲ್ಲ!”

“ತೆಗೆದ್ನಲ್ಲ,” ಎಂದರು ಅವರು, ಸೊಸೆ ಯಾಕೆ ಕೂಗುತ್ತಿದ್ದಾಳೆಂದು ನಿಜಕ್ಕೂ ತಿಳಿಯದೆ. ಬೆರಳನ್ನು ಬಾಯಲ್ಲಿಟ್ಟು ಚೀಪಿ ಸೀರೆಗೆ ಒರೆಸಿಕೊಂಡರು.

ಇಂದ್ರಾಣಿ ಹಾಲನ್ನು ಬಚ್ಚಲಿಗೆ ಸುರಿದಳು. ಅತ್ತೆಗೆ ವಯಸ್ಸಾಯಿತು, ಬುದ್ಧಿ ಮಸುಕಾಗುತ್ತಿರಬಹುದು ಎಂದುಕೊಂಡಳು. ಆದರೆ ಅಂದು ಕೇಂದ್ರಕ್ಕೆ ನಡೆದು ಹೋಗುವಾಗ ಅವಳ ಕಣ್ಣಿಗೆ ಊರು ಕಂಡಿತು. ಶಾಲೆಯ ಗೇಟಿನ ಮುಂದೆ ನಾಯಿಯೊಂದು ಸತ್ತು ಬಿದ್ದಿತ್ತು, ಬಾತುಕೊಂಡು, ನೊಣ ಮುತ್ತಿಕೊಂಡು. ಹುಡುಗಿಯರು ಅದಕ್ಕೆ ಬೆನ್ನು ತಾಗಿಸಿಯೇ ಕುಳಿತು ತಿಂಡಿಯ ಡಬ್ಬಿ ಬಿಚ್ಚಿದ್ದರು. ಹೋಟೆಲಿನವನು ಚರಂಡಿಯ ಬದಿಗೆ ಬಿದ್ದಿದ್ದ ಬಟ್ಟೆಯನ್ನೆತ್ತಿ ತಟ್ಟೆ ಒರೆಸಿ ಇಡ್ಲಿ ಹಾಕಿದ. ತಿನ್ನುವವನು ಅದನ್ನು ನೋಡುತ್ತಲೇ ತಿಂದ. ಯಾರ ಮುಖದಲ್ಲೂ ದುಃಖವಾಗಲಿ ಬೇಸರವಾಗಲಿ ಇರಲಿಲ್ಲ. ಎಲ್ಲರೂ ಸುಖವಾಗಿದ್ದರು. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ರಸ್ತೆಯ ಪಕ್ಕ ಬಗ್ಗಿ ನಿಂತು ಬೆಳಗಿನ ಕಾಫಿಯನ್ನೆಲ್ಲ ಕಕ್ಕಿದಳು. ಹಾದುಹೋಗುತ್ತಿದ್ದ ಒಬ್ಬಾತ ಅದರಲ್ಲೇ ಕಾಲಿಟ್ಟು, “ಹುಷಾರಿಲ್ವಾ ಮೇಡಂ?” ಎಂದು ಪ್ರೀತಿಯಿಂದ ಕೇಳಿ ಮುಂದೆ ಹೋದ.

ಉತ್ತರ ಸಿಕ್ಕಿದ್ದು ಪ್ರಯೋಗಾಲಯದ ಇಲಿಗಳಲ್ಲಿ. ಕವಚದ ತರಕಾರಿಯ ಪರೀಕ್ಷೆಗೆಂದು ಸಾಕಿದ್ದವು. ಇಲಿಗಳು ಸಾಮಾನ್ಯವಾಗಿ ಸತ್ತ ಜೊತೆಗಾರನಿಂದ ದೂರವಿರುತ್ತವೆ, ಪಂಜರಕ್ಕೆ ಹಾಸಿದ ಹೊಟ್ಟನ್ನು ಎಳೆದು ಅದರ ಮೇಲೆ ಮುಚ್ಚುತ್ತವೆ. ಇಲ್ಲಿ ಪಂಜರದ ಮೂಲೆಯಲ್ಲಿ ಕೊಳೆಯುತ್ತಿದ್ದ ಹೆಣದ ಮೇಲೆಯೇ ಉಳಿದವು ಬೆಚ್ಚಗೆ ಮಲಗಿದ್ದವು. ಇಂದ್ರಾಣಿ ಕೆಲವು ಇಲಿಗಳ ಮೂಗಿನ ಒಳಪೊರೆಗೆ ಮರಗಟ್ಟುವ ಔಷಧ ಹಚ್ಚಿ ಅದೇ ಪಂಜರಕ್ಕೆ ಬಿಟ್ಟಳು. ಎರಡು ದಿನ ಮತ್ತೆ ಮತ್ತೆ ಹಚ್ಚಿದ ಮೇಲೆ ಅವು ಹಿಂದೆ ಸರಿದು, ಹೊಟ್ಟು ಎಳೆದು ಹೆಣವನ್ನು ಮುಚ್ಚತೊಡಗಿದವು.

ಅಂದರೆ ಅದು ಮೂಗಿನಿಂದ ಒಳಹೋಗುತ್ತಿತ್ತು. ವಾಸನೆ ತಿಳಿಯುವ ಪ್ರಾಣಿಗೆ ಹೇಸಿಗೆ ಹೋಗುತ್ತಿತ್ತು. ತಿಳಿಯದ ಪ್ರಾಣಿಗೆ ಉಳಿಯುತ್ತಿತ್ತು. ಇಡೀ ಊರಿನಲ್ಲಿ ತನಗೊಬ್ಬಳಿಗೇ ಯಾಕೆ ಉಳಿದಿದೆಯೆಂದು ಅವಳಿಗೆ ಆಗ ಅರ್ಥವಾಯಿತು.

ಅವಳು ಒಳಕೋಣೆಗೆ ನುಗ್ಗಿದಾಗ ಹೆಬ್ಬಾರರು ಮೊಸರನ್ನ ಉಣ್ಣುತ್ತಿದ್ದರು. ಅನ್ನದ ಮೇಲೆ ಬೂದುಬಣ್ಣದ ಬೂಸ್ಟು ತುಪ್ಪಳದಂತೆ ಎದ್ದಿತ್ತು. ಅವರು ಅದನ್ನು ಕಲಸಿಕೊಂಡು ತುತ್ತು ಕಟ್ಟಿದರು.

“ಸರ್, ಅದು ಸುವಾಸನೆ ಅಲ್ಲ.”

“ಸುವಾಸನೆಯೂ ಹೌದು,” ಎಂದರು ಹೆಬ್ಬಾರರು, ಒಂದಿಷ್ಟೂ ಅಳುಕದೆ. “ಮೆದುಳಿನ ಆ ಮಡಿಕೆ ಉಂಟಲ್ಲ, ಅದನ್ನು ಮಲಗಿಸ್ತದೆ. ಲೋಳೆಯ ಮೇಲಿನ ಹೇಸಿಗೆ ಹೋದ್ರೆ ಸಾಕು ಅಂತಿತ್ತು ನನಗೆ. ಆದ್ರೆ ಲೋಳೆಗೊಂದು, ಮಲಕ್ಕೊಂದು, ಹೆಣಕ್ಕೊಂದು ಅಂತ ಬೇರೆ ಬೇರೆ ಸ್ವಿಚ್ಚು ಇಲ್ಲ ಮಾರಾಯ್ರೆ. ಇರುವುದು ಒಂದೇ.”

“ಗೊತ್ತಿದ್ದೂ ಬಿಟ್ಟಿರಾ?”

“ಹೊರಗೆ ಬಿಟ್ಟ ಮೇಲೆ ಗೊತ್ತಾಯ್ತು. ಆಗ ನಿಲ್ಲಿಸಬೇಕು ಅಂತ ಅನ್ನಿಸಲಿಲ್ಲ. ನಿಮ್ಮ ಮಗಳು ಸಂಜೆ ಆಡುವುದು ನೋಡಿದ್ದೀರಲ್ಲ? ಅವಳಿಗೆ ಕಣ್ಣು ಕಾಣ್ತದೆ. ಅದಕ್ಕಿಂತ ಹೆಚ್ಚು ಎಂತ ಬೇಕು?”

ಎರಡು ವಸಂತ ಮಗಳು ಗೋಡೆ ತಡವಿಕೊಂಡು ನಡೆದದ್ದನ್ನು ಕಂಡವಳು ಅವಳು. ಅಷ್ಟರಲ್ಲಿ ಹೆಬ್ಬಾರರ ತಟ್ಟೆಗೆ ನೊಣವೊಂದು ಬಿತ್ತು. ಅವರು ಅದನ್ನೂ ಸೇರಿಸಿ ತುತ್ತನ್ನು ಬಾಯಿಗಿಟ್ಟುಕೊಂಡರು. ಇಂದ್ರಾಣಿ ಬಾಯಿ ಮುಚ್ಚಿಕೊಂಡು ಹೊರಗೋಡಿದಳು.

ಮನೆಯಲ್ಲಿ ಚಿನ್ಮಯಿ ಹಾಸಿಗೆ ಹಿಡಿದಿದ್ದಳು. ಹಾಸಿಗೆ, ಬಟ್ಟೆ, ನೆಲ ಎಲ್ಲ ಅವಳ ಭೇದಿಯಿಂದ ತೊಯ್ದಿತ್ತು. ಅದರ ನಡುವೆ ಕಣ್ಣು ಗುಳಿಬಿದ್ದು, ನಾಲಗೆ ಒಣಗಿ, ಮಗು ಸದ್ದಿಲ್ಲದೆ ಮಲಗಿತ್ತು. ಪಕ್ಕದಲ್ಲೇ ಮುನಿಲಕ್ಷ್ಮಮ್ಮ ಕಾಲು ನೀಡಿ ಕುಳಿತು ಬಟಾಣಿ ಸುಲಿಯುತ್ತಿದ್ದರು. ಅವರ ಕೈಗೂ ಮೆತ್ತಿತ್ತು, ಬಟಾಣಿಗೂ ಮೆತ್ತಿತ್ತು.

“ಹೊಟ್ಟೆ ಸ್ವಲ್ಪ ಕೆಟ್ಟೈತೆ,” ಎಂದರು ಅವರು. “ಬೆಳಿಗ್ಗೆಯಿಂದ ಹಂಗೇ ಹೋಗ್ತಾ ಐತೆ. ಒರೆಸಿದ್ರೆ ಮತ್ತೆ ಆಗ್ತೈತಲ್ಲ, ಅದಕ್ಕೇ ಬಿಟ್ಟೆ.”

ಇಂದ್ರಾಣಿ ಮಗಳನ್ನು ಬಾಚಿ ಎತ್ತಿಕೊಂಡು ಊರಿನ ಆಸ್ಪತ್ರೆಗೆ ಓಡಿದಳು. ಅಲ್ಲಿ ಒಳಗೆ ಕಾಲಿಡಲು ಜಾಗವಿರಲಿಲ್ಲ. ಹಾಸಿಗೆಗೆ ಇಬ್ಬರಂತೆ ಮಕ್ಕಳು, ನೆಲದ ಮೇಲೂ ಮಕ್ಕಳು. ನೆಲವೆಲ್ಲ ಪಿಚಿಪಿಚಿ ಎನ್ನುತ್ತಿತ್ತು. ನರ್ಸ್ ಒಂದೇ ಒದ್ದೆ ಬಟ್ಟೆಯಲ್ಲಿ ಒಂದು ಮಗುವನ್ನು ಒರೆಸಿ, ಅದರಲ್ಲೇ ಇನ್ನೊಂದು ಮಗುವಿನ ಬಾಯಿ ಒರೆಸಿ, ಬಿಡುವಾದಾಗ ಬೋಂಡಾ ಕಚ್ಚುತ್ತಿದ್ದಳು. ಆಕೆ ಒಳ್ಳೆಯವಳೇ. ಎಲ್ಲ ಮಕ್ಕಳ ತಲೆ ನೇವರಿಸುತ್ತಿದ್ದಳು.

“ನೀರಿಂದ ಬಂದಿದೆ ಮೇಡಂ. ಕುಡಿಯೋ ನೀರಲ್ಲಿ ಏನೋ ಇದೆ,” ಎಂದರು ಡಾಕ್ಟರು, ಹವಾಮಾನದ ಸುದ್ದಿ ಹೇಳುವವರ ಹಾಗೆ.

ಊರಿಗೆ ನೀರು ಬಿಡುವ ಕೆಲಸ ಮುನಿರಾಜುವಿನದು. ಅವನು ಸುದ್ದಿ ತಿಳಿದು ಆಸ್ಪತ್ರೆಗೆ ಬಂದಿದ್ದ. ಇಂದ್ರಾಣಿ ಅವನ ತೋಳು ಹಿಡಿದು ಕೇಳಿದಳು: “ಟ್ಯಾಂಕ್ ನೋಡಿದ್ರಾ?”

“ನೋಡ್ದೆ. ಚೆನ್ನಾಗೇ ಐತೆ. ಒಂದು ಕೋತಿ ಬಿದ್ದೈತೆ, ಅಷ್ಟೆ.”

“ಕೋತಿ?”

“ಸತ್ತಿರೋದು. ಬಹಳ ದಿನ ಆಗೈತೆ ಅನ್ಸುತ್ತೆ, ಬಿಚ್ಚಿಕೊಳ್ತಾ ಐತೆ. ಮೂಲೇಲೈತೆ, ಪೈಪಿಗೇನೂ ಅಡ್ಡ ಇಲ್ಲ.” ಮಗಳ ಕೈಯನ್ನು ತನ್ನ ಕೈಯಲ್ಲಿಟ್ಟುಕೊಂಡು ಅವನು ಅಳುತ್ತಿದ್ದ. ಎರಡು ಸಂಗತಿಗಳೂ ಅವನ ತಲೆಯಲ್ಲಿ ಒಂದಕ್ಕೊಂದು ತಾಗುತ್ತಿರಲಿಲ್ಲ. “ಇಂದ್ರ, ನಮ್ ಮಗು ಉಳೀತೈತಲ್ಲ?”

ಹದಿನಾಲ್ಕು ವರ್ಷ ಜೊತೆಗೆ ಬಾಳಿದ ಗಂಡಸಿನಿಂದ ಅವಳು ಕೈ ಎಳೆದುಕೊಂಡಳು. ಅವನ ಬೆರಳುಗಳನ್ನು ನೋಡಲೂ ಅವಳಿಂದಾಗಲಿಲ್ಲ. ಅವನು ಮತ್ತೆ ನೀರು ಬಿಡದಂತೆ, ಟ್ಯಾಂಕಿನ ವಾಲ್ವ್ ತಿರುಗಿಸುವ ಕಬ್ಬಿಣದ ಕೀಲಿಯನ್ನು ಅವನಿಂದ ಕಸಿದು ಚೀಲಕ್ಕೆ ಹಾಕಿಕೊಂಡಳು. ಬೋರ್‌ವೆಲ್ ನೀರನ್ನು ಕುದಿಸಿಯೇ ಕುಡಿಸಿ ಎಂದು ವಾರ್ಡಿನಲ್ಲಿ ಕೂಗಿ ಹೇಳಿ, ಕೇಂದ್ರದ ಜೀಪಿನಲ್ಲಿ ಮಗಳನ್ನೂ ಅತ್ತೆಯನ್ನೂ ಕೂರಿಸಿಕೊಂಡು ಘಾಟಿ ಇಳಿದು ಜಿಲ್ಲಾ ಆಸ್ಪತ್ರೆಗೆ ಹೊರಟಳು.

ಜಿಲ್ಲಾ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದರು, ಕೈ ತೊಳೆಯುತ್ತಿದ್ದರು. ಬಾಟಲಿಯ ನೀರು ಹನಿಹನಿಯಾಗಿ ಇಳಿದಂತೆ ಚಿನ್ಮಯಿಯ ಕಣ್ಣು ತೆರೆಯಿತು. ಮುನಿಲಕ್ಷ್ಮಮ್ಮ ಮೊಮ್ಮಗಳ ಕಾಲ ಬಳಿ ಕುಳಿತಿದ್ದರು. ಹಾಲುಬಂಡೆಯ ಗಾಳಿ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಮೊದಲ ದಿನ ಅವರಲ್ಲಿ ಏನೂ ಬದಲಾಗಲಿಲ್ಲ. ಮರುದಿನ ಯಾಕೋ ಸೀರೆಯ ಅಂಚನ್ನು ಮತ್ತೆ ಮತ್ತೆ ನೋಡಿಕೊಂಡರು. ಅದರ ಮುಂದಿನ ಬೆಳಿಗ್ಗೆ ಇಂದ್ರಾಣಿ ಕಾಫಿ ತಂದುಕೊಟ್ಟಾಗ ಅವರು ಲೋಟ ಹಿಡಿದ ತಮ್ಮ ಕೈಯನ್ನೇ ದಿಟ್ಟಿಸುತ್ತಿದ್ದರು. ಉಗುರುಗಳ ಸಂದಿಯಲ್ಲಿ ಕಪ್ಪು, ಕಂದು ಕೊಳೆ ಗಟ್ಟಿಯಾಗಿ ಕೂತಿತ್ತು.

ಲೋಟ ಬಿತ್ತು. ಅವರು ಕಾರಿಡಾರಿನ ತೊಟ್ಟಿಯ ತನಕ ಹೋಗಲಾಗದೆ ಗೋಡೆಗೆ ಒರಗಿ ಕಾರಿದರು. ಹೊಟ್ಟೆಯಲ್ಲಿ ಏನೂ ಉಳಿಯದಿದ್ದರೂ ಕಾರುತ್ತಲೇ ಇದ್ದರು. ಆಮೇಲೆ ಬಚ್ಚಲಿಗೆ ಹೋಗಿ ಸೋಪು ಉಜ್ಜಿ, ಉಜ್ಜಿ, ಉಗುರಿನ ಬುಡದಿಂದ ರಕ್ತ ಬರುವ ತನಕ ತೊಳೆದುಕೊಂಡರು.

“ಇಂದ್ರ, ಆ ಹಾಲು... ಅದಕ್ಕೂ ಮುಂಚೆ ನೀನಿಲ್ಲದಾಗ... ಏನೇನು ತಿನ್ಸಿದೀನಿ ಆ ಮಗೀಗೆ!”

“ನಿಮ್ಮ ತಪ್ಪಲ್ಲ ಅತ್ತೆ.”

“ತಪ್ಪು ಯಾರ್ದಾದ್ರೂ ಇರ್ಲಿ. ಕೈ ನಂದೇ ಅಲ್ವೇನೆ!”

ಇಂದ್ರಾಣಿ ಅವರಿಗೆ ಎಲ್ಲ ಹೇಳಿದಳು, ಹೆಬ್ಬಾರರ ಮಾತುಗಳನ್ನೂ ಸೇರಿಸಿ. ಮುನಿಲಕ್ಷ್ಮಮ್ಮ ಕೇಳಿದ್ದು ಒಂದೇ: “ಅದನ್ನ ಸಾಯಿಸೋದು ಹೆಂಗೆ?”

ಸಾಯಿಸುವುದು ಕಷ್ಟವೇನಲ್ಲ. ಮೈಲುತುತ್ತು, ಸುಣ್ಣ ಸೇರಿಸಿದ ದ್ರಾವಣ ಸಿಂಪಡಿಸಿದರೆ ಕವಚದ ಬ್ಯಾಕ್ಟೀರಿಯಾ ಉಳಿಯುವುದಿಲ್ಲ. ಆದರೆ ಊರಿನವರು ಯಾಕೆ ಸಿಂಪಡಿಸಬೇಕು? ಅವರಿಗೆ ಅಲ್ಲಿ ಕೆಟ್ಟದ್ದೇನೂ ಕಾಣುತ್ತಿರಲಿಲ್ಲ. ಬಲವಂತ ಮಾಡಲು ಜಿಲ್ಲೆಯ ಅಧಿಕಾರಿಗಳಿಗೆ ಅರ್ಜಿ ಹೋಗಿ, ಆದೇಶ ಬಂದು, ಅಷ್ಟರಲ್ಲಿ ಎಷ್ಟು ಮಕ್ಕಳು ಹೋಗುತ್ತಾರೋ.

“ಹೇಸಿಗೆ ಹೋಗಿತ್ತು ಕಣೆ, ಮಗು ಸಾಯ್ತೈತೆ ಅನ್ನೋ ಭಯ ಎಲ್ಲಿ ಹೋಗಿತ್ತು?” ಎಂದರು ಮುನಿಲಕ್ಷ್ಮಮ್ಮ. “ಅದು ನಂಗೂ ಇತ್ತು. ಅಷ್ಟು ಸಾಕು. ನಡಿ.”

ಚಿನ್ಮಯಿಯನ್ನು ಜಿಲ್ಲೆಯಲ್ಲೇ ಇದ್ದ ನಾದಿನಿಯ ಕೈಗೆ ಒಪ್ಪಿಸಿ ಇಬ್ಬರೂ ಘಾಟಿ ಹತ್ತಿದರು. ಮುನಿಲಕ್ಷ್ಮಮ್ಮ ಮೂಗಿಗೆ ಹತ್ತಿ ತುರುಕಿ, ಮೇಲೆ ಬಟ್ಟೆ ಕಟ್ಟಿಕೊಂಡು ಬಾಯಲ್ಲೇ ಉಸಿರಾಡುತ್ತಿದ್ದರು. ಶಾಲೆಯ ಗೇಟಿನ ಮುಂದೆ ಇನ್ನೂ ಬಿದ್ದಿದ್ದ ಸತ್ತ ನಾಯಿಯನ್ನು ಕಂಡು ಇನ್ನೊಮ್ಮೆ ಕಾರಿದರು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನೇರ ಗೌರಮ್ಮನ ಮನೆಗೆ ಹೋದರು. ಗೌರಮ್ಮನ ಮೊಮ್ಮಗ ಆ ಬೆಳಿಗ್ಗೆ ತೀರಿಕೊಂಡಿದ್ದ. ಹೆಣ ಇನ್ನೂ ಜಗುಲಿಯ ಮೇಲಿತ್ತು, ಅದೇ ಜಗುಲಿಯಲ್ಲಿ ಮನೆಯವರು ಅಳುತ್ತ ಉಣ್ಣುತ್ತಿದ್ದರು.

“ಗೌರಿ, ಇನ್ನೊಂದು ಮಗು ಐತಲ್ಲ ನಿನ್ ಸೊಸೆಗೆ? ಅದು ಬೇಕೋ ಬೇಡ್ವೋ?”

“ಏನಕ್ಕ ಹಿಂಗಂತೀಯ!”

“ಹಂಗಾದ್ರೆ ನಾನು ಹೇಳಿದ್ದು ಮಾಡು. ಈ ಹತ್ತೀನ ಮೂಗಿಗೆ ಇಟ್ಕೋ. ತೆಗೀಬ್ಯಾಡ. ಯಾಕೆ ಏನು ಅಂತ ಈಗ ಕೇಳ್ಬ್ಯಾಡ, ಆಮೇಲೆ ನಿಂಗೇ ತಿಳೀತೈತೆ.”

ಹೀಗೆ ಮನೆಮನೆ. ಕೊಳಕಿನ ಮಾತನ್ನೇ ಅವರು ಎತ್ತಲಿಲ್ಲ. ಮಕ್ಕಳ ಮಾತನ್ನಷ್ಟೇ ಆಡಿದರು. ಹತ್ತಿ ಇಟ್ಟುಕೊಂಡ ಹೆಂಗಸರು ಎರಡು ದಿನ ಕಳೆದ ಮೇಲೆ ಒಬ್ಬೊಬ್ಬರಾಗಿ ತಮ್ಮ ಮನೆಯೊಳಗೆ ಕಿರುಚಿಕೊಳ್ಳತೊಡಗಿದರು. ಒಬ್ಬಳ ಕಿರುಚು ಕೇಳಿ ಪಕ್ಕದ ಮನೆಯವಳು ಹತ್ತಿ ಕೇಳಿಕೊಂಡು ಬರುತ್ತಿದ್ದಳು. ಹಾಗೆ ಎಚ್ಚೆತ್ತವರೇ ಬೆನ್ನಿಗೆ ಸಿಂಪಡಿಸುವ ಪಂಪು ಹೊತ್ತರು. ಮೈಲುತುತ್ತಿನ ನೀಲಿ ನೀರು ಬಿದ್ದಲ್ಲೆಲ್ಲ ಲೋಳೆ ಎಲೆಯಿಂದ ಕಳಚಿ, ಸುಲಿದ ಚರ್ಮದ ಹಾಗೆ ಜಾರಿ ಪಾತಿಗಳಲ್ಲಿ ಕೆರೆಗಟ್ಟಿ ನಿಂತಿತು. ಸುವಾಸನೆ ಸತ್ತು ಅದರಡಿಯ ನಿಜವಾದ ನಾತ ಮೇಲೆದ್ದಿತು. ಎರಡು ದಿನ ಕಳೆಯುವಷ್ಟರಲ್ಲಿ ಊರಿಗೆ ಊರೇ ವಾಂತಿ ಮಾಡಿಕೊಂಡಿತು. ಗಂಡಸರು ಹಾಸಿಗೆ ಬಟ್ಟೆಗಳನ್ನು ಬೀದಿಗೆ ತಂದು ಬೆಂಕಿ ಹಚ್ಚಿದರು. ಹೋಟೆಲಿನವನು ಬಾಗಿಲು ಮುಚ್ಚಿ ಒಳಗೆ ತಟ್ಟೆಗಳನ್ನು ಒಂದೊಂದಾಗಿ ಒಡೆಯುತ್ತಿದ್ದುದು ಹೊರಗೆ ಕೇಳುತ್ತಿತ್ತು. ಮರುದಿನ ಬೆಳಗಾದಾಗ ಹೊದಿಕೆಯಿಲ್ಲದ ತೋಟಗಳ ಮೇಲೆ ಹಿಮ ಕೂತಿತ್ತು. ಕೋಸುಗಳು ಸೀಳಿದವು, ಬಟಾಣಿ ಕಪ್ಪಾಯಿತು. ಯಾರೂ ಅತ್ತ ತಿರುಗಿ ನೋಡಲಿಲ್ಲ.

ಊರಿನ ಮೂರು ಮಕ್ಕಳು ಉಳಿಯಲಿಲ್ಲ. ಮುನಿರಾಜು ಟ್ಯಾಂಕಿಗೆ ಇಳಿದು ಕೋತಿಯನ್ನು ತುಂಡು ತುಂಡಾಗಿ ಹೊರತೆಗೆದ. ಅಂದಿನಿಂದ ಪ್ರತಿದಿನ ಟ್ಯಾಂಕಿನ ಗೋಡೆ ಉಜ್ಜುತ್ತಿದ್ದ. ಮನೆಗೆ ಬಂದು ನೀರಿನ ಲೋಟ ಹಿಡಿದರೆ ಕುಡಿಯಲಾಗದೆ ಕೆಳಗಿಡುತ್ತಿದ್ದ. ಇಂದ್ರಾಣಿ ಅವನ ಕೈಯನ್ನು ಹಿಡಿಯಲು ಬಹಳ ದಿನ ಹಿಡಿಯಿತು. ಒಂದು ಸಂಜೆ ಹಿಡಿದಳು. ಅವಳ ಮೈ ಒಮ್ಮೆ ಜುಮ್ಮೆಂದರೂ ಬಿಡಲಿಲ್ಲ.

ಹೆಬ್ಬಾರರನ್ನು ಕೆಲಸದಿಂದ ಅಮಾನತು ಮಾಡಿ, ವಿಚಾರಣೆ ಮುಗಿಯುವ ತನಕ ಊರು ಬಿಡಬಾರದೆಂದು ಆದೇಶವಾಯಿತು. ವಿಚಾರಣೆಯ ಅಧಿಕಾರಿ ಶಾಲೆಯ ಅಂಗಳದಲ್ಲಿ ಊರವರನ್ನು ಸೇರಿಸಿದ ದಿನ ಗೌರಮ್ಮನ ಸೊಸೆ ಎದ್ದು ನಿಂತು ಕೇಳಿದಳು: “ನಿಮ್ಗೆ ಅಸಹ್ಯ ಆಗಲ್ವಾ, ನೀವು ಮಾಡಿರೋದು ನೋಡಿ?”

ಮುಚ್ಚಿದ ಕೋಣೆಯಲ್ಲಿ ವಾರಗಟ್ಟಲೆ ಆ ಸುವಾಸನೆಯನ್ನು ಎಲ್ಲರಿಗಿಂತ ಹೆಚ್ಚು ಕುಡಿದವರು ಹೆಬ್ಬಾರರು. ಊರಿಗೆಲ್ಲ ಹಿಂದಿರುಗಿದ್ದು ಅವರಿಗೆ ಹಿಂದಿರುಗಿರಲಿಲ್ಲ.

“ಆಗಬೇಕು ಅಂತ ಗೊತ್ತುಂಟಮ್ಮ,” ಎಂದರು. “ತಪ್ಪು ಅಂತಲೂ ಗೊತ್ತುಂಟು. ಲೆಕ್ಕದ ತಪ್ಪು ಗೊತ್ತಾಗ್ತದಲ್ಲ, ಹಾಗೆ. ಒಳಗೆ ಏನೂ ಆಗ್ತಾ ಇಲ್ಲ.”

ಅಂಗಳದಲ್ಲಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು. ಕಲ್ಲೆಸೆಯಲೆಂದು ಬಂದವರೂ ಕಲ್ಲು ಅಲ್ಲೇ ಹಾಕಿ ಹೋದರು.

ಹಿಮ ಇನ್ನೂ ಕೆಲವು ವಾರ ಬೀಳುವುದಿತ್ತು. ಅಳಿದುಳಿದ ಸಸಿಗಳನ್ನಾದರೂ ಕಾಪಾಡಬೇಕು. ಜನ ಸಂಜೆಯಾಗುತ್ತಲೇ ಪಾತಿಗಳಿಗೆ ನೀರುಣಿಸಿ, ಸಸಿಗಳ ಮೇಲೆ ಒಣಹುಲ್ಲು, ಗೋಣಿಚೀಲ, ಹಳೆಯ ಮಡಕೆಗಳನ್ನು ಮುಚ್ಚುತ್ತಿದ್ದರು. ಗಾಳಿ ಬರುವ ಕಡೆ ಹಸಿಸೊಪ್ಪಿನ ಹೊಗೆ ಹಾಕುತ್ತಿದ್ದರು. ಬೆಳಿಗ್ಗೆ ಬಿಸಿಲೇರಿದ ಮೇಲೆ ಎಲ್ಲ ತೆಗೆಯುವುದು. ಅರ್ಧದಷ್ಟು ಸಸಿ ಹೀಗೂ ಸಾಯುತ್ತಿದ್ದವು. ಹುಳುಗಳನ್ನು ಮಾತ್ರ ಕೈಯಿಂದಲೇ ಹೆಕ್ಕಬೇಕಾಗಿತ್ತು, ಅದೀಗ ಊರಿನಲ್ಲಿ ಯಾರಿಂದಲೂ ಆಗುತ್ತಿರಲಿಲ್ಲ. ಕೋಸಿನ ಎಲೆಯಡಿ ಹಸಿರು ಹುಳು ಮಿಸುಕಿದರೆ ಹೆಂಗಸರು ಕೈ ಹಿಂದೆಳೆದುಕೊಳ್ಳುತ್ತಿದ್ದರು.

“ಆ ಹೆಬ್ಬಾರನ್ನ ಕರೀರಿ,” ಎಂದರು ಮುನಿಲಕ್ಷ್ಮಮ್ಮ. “ಆ ಕೆಲ್ಸಕ್ಕೆ ಅವನೇ ಸರಿ.”

ಹೆಬ್ಬಾರರು ಬಂದರು. ಅಂದಿನಿಂದ ಪ್ರತಿ ಬೆಳಿಗ್ಗೆ ಒಂದೊಂದು ಹಿತ್ತಲು. ಯಾರೂ ಅವರೊಂದಿಗೆ ಮಾತಾಡುತ್ತಿರಲಿಲ್ಲ.

ಇಂದ್ರಾಣಿಯ ಮನೆಯ ಸರದಿ ಬಂದ ದಿನ ಅವಳು ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಒಂದು ಕಾಲಕ್ಕೆ ತನಗೆ ಸೂಕ್ಷ್ಮದರ್ಶಕ ಹಿಡಿಯಲು ಕಲಿಸಿದ ಕೈಗಳು ಎಲೆ ಮಗುಚಿ, ಹುಳುವನ್ನು ಹಿಡಿದು, ಬೆರಳುಗಳ ನಡುವೆ ಹಿಸುಕಿ ಬಿಸಾಡುತ್ತಿದ್ದವು. ಹಸಿರು ರಸ ಮುಂಗೈ ತನಕ ಇಳಿದು ಅಂಟಿತ್ತು. ಒಂದು ಸಾಲು ಮುಗಿಸಿದ ಹೆಬ್ಬಾರರು ಕಲ್ಲಿನ ಮೇಲೆ ಕುಳಿತು ಜೇಬಿನಿಂದ ಹುರಿದ ಕಡಲೆಕಾಯಿ ತೆಗೆದು, ಅದೇ ಬೆರಳುಗಳಿಂದ ಸುಲಿದು, ಬಾಯಿಗೆ ಹಾಕಲು ಹೊರಟರು.

ಇಂದ್ರಾಣಿಗೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕೆನಿಸಿತು. ಆದರೆ ಬಚ್ಚಲಿನಿಂದ ಚೆಂಬಿನಲ್ಲಿ ನೀರು ತಂದು ಅವರ ಮುಂದೆ ಹಿಡಿದಳು.

“ಕೈ ತೊಳ್ಕೊಳ್ಳಿ ಸರ್.”

ಹೆಬ್ಬಾರರು ತಲೆಯೆತ್ತಿ ನೋಡಿದರು. ಮುಖದಲ್ಲಿ ಹಟವಿರಲಿಲ್ಲ, ವ್ಯಂಗ್ಯವಿರಲಿಲ್ಲ.

“ಯಾಕೆ?” ಎಂದು ಕೇಳಿದರು.